ನೀವು ಇವರಿಗೆ ಏನಾಗಬೇಕು?

ಸಿರಾ ಮತ್ತು ಹಿರಿಯೂರು ಮಧ್ಯೆ, ಹೆದ್ದಾರಿ ಪಕ್ಕದ ಸರ್ವಿಸ್ ರಸ್ತೆಯಲ್ಲಿ ನಮ್ಮದೊಂದು ಟೈರ್ ಅಂಗಡಿ ಇದೆ. ಅಪ್ಪ ಶುರು ಮಾಡಿದ್ದು. ಡಿಗ್ರಿ ಮುಗಿಸಿದ ಮೇಲೆ ನಾನೂ ಅಲ್ಲೇ ಸೇರಿಕೊಂಡೆ. ಪಂಚರ್ ಹಾಕುವವರಿಗೆ ಕಿವಿ ಚುರುಕು. ಟೈರ್ ಸಿಡಿದ ಸದ್ದು ಬೇರೆ, ಗಾಡಿ ಗುದ್ದಿದ ಸದ್ದು ಬೇರೆ. ಗುದ್ದಿದ ಸದ್ದಾದ ಮೇಲೆ ಒಂದೆರಡು ಕ್ಷಣ ಏನೂ ಕೇಳಿಸುವುದಿಲ್ಲ. ಆಮೇಲೆ ಜನ ಓಡುವ ಚಪ್ಪಲಿ ಸದ್ದು.

ಮೊದಲ ಸಲ ನಾನು ಓಡಲಿಲ್ಲ. ಅದನ್ನು ಈಗಲೇ ಹೇಳಿಬಿಡುತ್ತೇನೆ. 2014ರಲ್ಲಿ, ರಾತ್ರಿ ಅಂಗಡಿ ಮುಚ್ಚುವ ಹೊತ್ತಿಗೆ ಎದುರಿಗೇ ಒಂದು ಬೈಕ್ ಬಿತ್ತು. ಅಪ್ಪ ಇಣುಕಿ ನೋಡಿ, "ಶಟರ್ ಎಳಿ, ಕೋರ್ಟು ಕಚೇರಿ ಅಲೆಯೋರು ಯಾರು" ಅಂದರು. ಎಳೆದೆ. ಒಳಗೆ ಕೂತು ಲೆಕ್ಕ ಬರೆದೆ. ಬೆಳಿಗ್ಗೆ ಶಟರ್ ಎತ್ತಿದಾಗ ರಸ್ತೆ ಮೇಲೆ ಒಂದು ಬುಟ್ಟಿಯಷ್ಟು ಮರಳು ಬಿದ್ದಿತ್ತು. ಯಾರು ಹಾಕಿದರೋ. ಅಪ್ಪ ಟೀ ತರಲು ಕಳಿಸಿದರು, ಹೋಗಿ ತಂದೆ.

2016ರ ಫೆಬ್ರವರಿಯಲ್ಲಿ ಇದೇ ಹೆದ್ದಾರಿಯಲ್ಲಿ, ನೆಲಮಂಗಲದ ಹತ್ತಿರ, ಲಾರಿ ಹರಿದು ಗುಬ್ಬಿ ಕಡೆಯ ಯುವಕನೊಬ್ಬನ ದೇಹ ಎರಡು ತುಂಡಾಯಿತು. ಆ ಸ್ಥಿತಿಯಲ್ಲೂ ಅವನು ತನ್ನ ಅಂಗಾಂಗ ದಾನ ಮಾಡಿ ಅಂತ ಕೇಳಿಕೊಂಡ. ಸುತ್ತ ನಿಂತ ಕೆಲವರು ಮೊಬೈಲ್‌ನಲ್ಲಿ ವಿಡಿಯೊ ಮಾಡುತ್ತಿದ್ದರು. ಮುಂದಿನ ತಿಂಗಳೇ ಸರ್ಕಾರ ಅವನ ಹೆಸರಿನಲ್ಲಿ ಹರೀಶ್ ಸಾಂತ್ವನ ಯೋಜನೆ ತಂದಿತು. ಅಪಘಾತದ ಮೊದಲ 48 ಗಂಟೆಗೆ 25,000 ರೂಪಾಯಿವರೆಗೆ ಉಚಿತ ಚಿಕಿತ್ಸೆ. ಆ ವಿಡಿಯೊ ಮಾಡಿದವರನ್ನು ಊರೆಲ್ಲ ಬೈದಿತು. ನನಗೆ ಬೈಯಲು ಬಾಯಿ ಬರಲಿಲ್ಲ. ಅವರು ನಿಂತಾದರೂ ಇದ್ದರು, ನಾನು ಶಟರ್ ಎಳೆದಿದ್ದೆ.

ಆ ವರ್ಷದಿಂದ ಓಡಲು ಶುರು ಮಾಡಿದೆ. ಓಡಿ ಹೋಗಿ ಏನು ಮಾಡಿದೆ? ನಿಂತೆ. ನಿಜವಾಗಲೂ. ಇಪ್ಪತ್ತು ಜನ ಇದ್ದರು, ನಾನು ಇಪ್ಪತ್ತೊಂದನೆಯವನು. "ಯಾರಾದ್ರೂ ಆಂಬುಲೆನ್ಸ್‌ಗೆ ಫೋನ್ ಮಾಡ್ರಪ್ಪ" ಅಂತ ಎಲ್ಲರೂ ಕೂಗುತ್ತಿದ್ದರು. ನಾನೂ ಕೂಗಿದೆ. ಹತ್ತು ನಿಮಿಷ ಆದಮೇಲೆ ಗೊತ್ತಾಯಿತು, ಒಬ್ಬರೂ ಮಾಡಿರಲಿಲ್ಲ. ಪ್ರತಿಯೊಬ್ಬರಿಗೂ ಪಕ್ಕದವರು ಮಾಡಿದ್ದಾರೆ ಅನ್ನುವ ನಂಬಿಕೆ.

ಕಾಲೇಜಿನಲ್ಲಿ ಸೈಕಾಲಜಿ ಓದಿದ್ದು ಆಗ ನೆನಪಾಯಿತು. 1968ರಲ್ಲಿ ಅಮೆರಿಕದ ಲಟಾನೆ ಮತ್ತು ಡಾರ್ಲಿ ಅನ್ನುವವರು ಒಂದು ಪ್ರಯೋಗ ಮಾಡಿದ್ದರು. ಕೋಣೆಯಲ್ಲಿ ಒಬ್ಬನನ್ನೇ ಕೂರಿಸಿ ಗೋಡೆಯ ಕಿಂಡಿಯಿಂದ ಹೊಗೆ ಬಿಟ್ಟರೆ 100ಕ್ಕೆ 75 ಜನ ಎದ್ದು ಹೋಗಿ ಹೇಳಿದರು. ಜೊತೆಗೆ ಏನೂ ಆಗದವರ ಹಾಗೆ ಸುಮ್ನೆ ಕೂರುವ ಇಬ್ಬರನ್ನು ಕೂರಿಸಿದಾಗ ಹೇಳಿದ್ದು 100ಕ್ಕೆ 10 ಜನ. ಪರೀಕ್ಷೆಗೆ ಉರು ಹೊಡೆದು ಮರೆತಿದ್ದೆ. ನಮ್ಮೂರ ಜನ ಕೆಟ್ಟವರು ಅಂತ ನಾನು ಯಾವತ್ತೂ ಒಪ್ಪುವುದಿಲ್ಲ. ಸದ್ದು ಕೇಳಿ ಓಡಿ ಬಂದವರಲ್ವಾ ಅವರು? ಬಂದ ಮೇಲೆ ಏನು ಮಾಡಬೇಕು ಅಂತ ತಿಳಿಯದೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ, ಅಷ್ಟೇ.

ಹಾಗಾಗಿ ಈಗ ನಾನು "ಯಾರಾದ್ರೂ" ಅನ್ನುವ ಮಾತೇ ಆಡುವುದಿಲ್ಲ. ಅಂಗಿ ಬಣ್ಣ ಹಿಡಿದು ಕೂಗುತ್ತೇನೆ.

ಹೋದ ವರ್ಷದ ಒಂದು ಸಂಜೆಯದು ಹೇಳುತ್ತೇನೆ. ಹಿಂದೆ ದೀಪ ಇಲ್ಲದ ಟ್ರ್ಯಾಕ್ಟರ್ ಟ್ರೈಲರ್‌ಗೆ ಬೈಕ್ ಹೊಡೆದಿತ್ತು. ನಡುವಯಸ್ಸಿನ ಒಬ್ಬರು ರಸ್ತೆ ಮಧ್ಯೆ ಬಿದ್ದಿದ್ದರು. ಒಂದು ಚಪ್ಪಲಿ ಡಿವೈಡರ್ ಮೇಲೆ. ಮೊಣಕೈ ಕೆಳಗೆ ಸೀಳಿ ರಕ್ತ ಬುಳುಬುಳು ಬರುತ್ತಿತ್ತು. ನಾನು ಅಂಗಡಿಯಿಂದ ಹೊರಡುವಾಗ ಮೊದಲು ತೆಗೆದುಕೊಂಡು ಹೋಗುವುದು ಹಳೇ ಟೈರ್. ನಗಬೇಡಿ. ಬಿದ್ದವರಿಗೆ ಎರಡನೇ ಗಾಡಿ ಹೊಡೆಯುವುದನ್ನು ನೋಡಿದ್ದೇನೆ. ರೇಡಿಯಂ ಸ್ಟಿಕರ್ ಅಂಟಿಸಿದ ನಾಲ್ಕು ಟೈರ್ ಇದಕ್ಕೇ ಅಂತ ಬಾಗಿಲ ಪಕ್ಕ ಇಟ್ಟಿದ್ದೇನೆ. ಗಾಡಿಗಳು ಬರುವ ದಿಕ್ಕಿಗೆ, ಸಾಕಷ್ಟು ಹಿಂದೆಯೇ ಅವನ್ನು ಉರುಳಿಸಿ ಮಲಗಿಸಬೇಕು.

"ನೀಲಿ ಶರ್ಟ್, ನೀನು 108ಕ್ಕೆ ಮಾಡು, ಸ್ಪೀಕರ್ ಹಾಕು. ಟೋಪಿ ಅಣ್ಣ, ಟಾರ್ಚ್ ಹಿಡಿದು ಟೈರ್ ಹತ್ರ ನಿಲ್ಲಿ." ವಿಡಿಯೊ ಮಾಡುತ್ತಿದ್ದ ಒಬ್ಬ ಹುಡುಗ ಇದ್ದ. ಅವನ ಮೇಲೆ ರೇಗಲಿಲ್ಲ. "ಕೆಂಪು ಟೀ ಶರ್ಟ್, ನಿನ್ನ ಫೋನ್ ಲೈಟ್ ಇಲ್ಲಿ ಬಿಡು" ಅಂದೆ. ತಕ್ಷಣ ಬಂದು ಮಂಡಿಯೂರಿ ಕೂತ. ಕೈ ನಡುಗುತ್ತಿತ್ತು, ಆದರೂ ಕೊನೆವರೆಗೂ ಲೈಟ್ ಕದಲಿಸಲಿಲ್ಲ.

108ಕ್ಕೆ ಜಾಗ ಹೇಳುವಾಗ ಜಾಸ್ತಿ ಜನ ಒಂದು ತಪ್ಪು ಮಾಡುತ್ತಾರೆ. ಊರ ಹೆಸರು ಹೇಳುತ್ತಾರೆ, ಯಾವ ಕಡೆಗೆ ಹೋಗುವ ರಸ್ತೆ ಅಂತ ಹೇಳುವುದಿಲ್ಲ. ನಮ್ಮದು ನಡುವೆ ಡಿವೈಡರ್ ಇರುವ ರಸ್ತೆ. ಆಂಬುಲೆನ್ಸ್ ಆ ಬದಿಗೆ ಬಂದರೆ ಯು ಟರ್ನ್‌ಗೆ ಮತ್ತೆ ಅಷ್ಟು ದೂರ ಹೋಗಬೇಕು. "ಹಿರಿಯೂರು ಕಡೆ ಹೋಗೋ ರಸ್ತೆ, ಇಷ್ಟನೇ ಕಿಲೋಮೀಟರ್ ಕಲ್ಲು" ಅಂದರೆ ಸಾಕು. ಕಲ್ಲಿನ ನಂಬರ್ ನನಗೆ ಬಾಯಿಪಾಠ.

ನಾನು ತೊಳೆದ ಟವೆಲ್ ಮಡಚಿ ಗಾಯದ ಮೇಲೆ ಅಂಗೈಯಿಂದ ಒತ್ತಿ ಹಿಡಿದೆ. ನಿಂತಿತಾ ಅಂತ ಎತ್ತಿ ನೋಡುವ ಆಸೆಯಾಗುತ್ತದೆ, ಎತ್ತಬಾರದು. ಟವೆಲ್ ತೊಯ್ದರೆ ಅದರ ಮೇಲೇ ಇನ್ನೊಂದು. ಅಷ್ಟರಲ್ಲಿ ಒಬ್ಬ ಅಜ್ಜಿ ಸೆರಗಿನಿಂದ ಬೆವರು ಒರೆಸುತ್ತ ನೀರಿನ ಬಾಟಲಿ ತಂದರು. ಬೇಡ ಅಂದರೆ ಬೇಜಾರು. ಬಿದ್ದವರಿಗೆ ನೀರು ಕುಡಿಸಿದರೆ ಉಸಿರುನಾಳಕ್ಕೆ ಹೋಗಬಹುದು, ಆಪರೇಷನ್‌ಗೂ ತೊಂದರೆ. ಇದನ್ನೆಲ್ಲ ಅಲ್ಲಿ ವಿವರಿಸಲು ಹೊತ್ತೆಲ್ಲಿ? "ಅಜ್ಜಿ, ನೀವು ಇವರ ಜೊತೆ ಮಾತಾಡ್ತಾ ಇರಿ, ನಿದ್ದೆ ಹೋಗಬಾರ್ದು" ಅಂದೆ. ಅಜ್ಜಿ ಅವರ ಊರು, ಮನೆತನ, ಮಕ್ಕಳೆಷ್ಟು ಎಲ್ಲ ವಿಚಾರಿಸಿಬಿಟ್ಟರು. ನಾಲ್ಕು ಜನ ಕೈಕಾಲು ಹಿಡಿದು ಎತ್ತಲು ಬಂದರು, ತಡೆದೆ. ಕತ್ತು, ಬೆನ್ನು ಏನಾಗಿದೆಯೋ ಗೊತ್ತಿಲ್ಲದೆ ಎತ್ತಬಾರದು. ಹೆಲ್ಮೆಟ್ ಹಾಗೇ ಇರಲಿ ಅಂದೆ, ಉಸಿರಾಟ ಚೆನ್ನಾಗಿತ್ತು.

ಅವರ ಫೋನ್ ಬಡಿದುಕೊಂಡಿತು. ಮನೆಯವರು. "ಸೀರಿಯಸ್" ಅನ್ನುವ ಪದವನ್ನು ನಾನು ಬಳಸುವುದೇ ಇಲ್ಲ. ಆ ಕಡೆಯವರೂ ಬೈಕ್ ಹತ್ತಿ ಬರುವವರೇ ಅಲ್ವಾ? "ಬಿದ್ದಿದ್ದಾರೆ, ಮಾತಾಡ್ತಿದ್ದಾರೆ. ಯಾವ ಆಸ್ಪತ್ರೆ ಅಂತ ಫೋನ್ ಮಾಡ್ತೀನಿ, ನೇರ ಅಲ್ಲಿಗೇ ಬನ್ನಿ, ನಿಧಾನಕ್ಕೆ ಬನ್ನಿ." ಜೇಬಿನ ದುಡ್ಡು, ಉಂಗುರ ಎಲ್ಲ ಇಬ್ಬರ ಮುಂದೆ ಎಣಿಸಿ ಚೀಟಿ ಬರೆದು ಕವರ್‌ಗೆ ಹಾಕಿದೆ.

ಆಂಬುಲೆನ್ಸ್‌ನಲ್ಲಿ ನಾನೂ ಹೋದೆ. ಹೋಗಲೇಬೇಕು ಅಂತಿಲ್ಲ. ಆಸ್ಪತ್ರೆ ಕೌಂಟರ್‌ನಲ್ಲಿ ಯಾವಾಗಲೂ ಒಂದೇ ಪ್ರಶ್ನೆ.

"ನೀವು ಇವರಿಗೆ ಏನಾಗಬೇಕು?"

"ಏನೂ ಆಗಬೇಕಿಲ್ಲ."

ಮೊದಮೊದಲು ಒಂದು ಕಡೆ ಅಡ್ವಾನ್ಸ್ ಕಟ್ಟಿ ಅಂದಿದ್ದರು. ಇನ್ನೊಂದು ಕಡೆ ಸಹಿ ಹಾಕುವವರೆಗೂ ಬಿಡಲಿಲ್ಲ. ಹೆದರಿ ಕೂತಿದ್ದೆ. ಈಗ ನನ್ನ ಫೋನಿನಲ್ಲಿ ಕಾನೂನಿನ ಪ್ರತಿ ಇದೆ. ನೆರವಿಗೆ ಬಂದವರನ್ನು ಕಾಪಾಡಲು ಪ್ರತ್ಯೇಕ ಕಾನೂನು ಮಾಡಿದ ಮೊದಲ ರಾಜ್ಯ ನಮ್ಮದೇ. 2016ರ ಕಾನೂನು, ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 2018ರಲ್ಲಿ. 2019ರಲ್ಲಿ ದೇಶದ ಮೋಟಾರು ವಾಹನ ಕಾಯ್ದೆಗೇ ಇದಕ್ಕಾಗಿ 134ಎ ಅನ್ನುವ ಸೆಕ್ಷನ್ ಸೇರಿತು. ಹೆಸರು ಹೇಳುವುದು ಬಿಡುವುದು ನಮ್ಮಿಷ್ಟ. ಗಾಯಾಳುವನ್ನು ಸೇರಿಸಿ ಹೊರಡಬಹುದು. ನಮ್ಮ ಹತ್ತಿರ ದುಡ್ಡು ಕೇಳುವ ಹಾಗಿಲ್ಲ. ನಾನು ಹೆಸರು ಕೊಡುತ್ತೇನೆ, ಅದು ಬೇರೆ ವಿಷಯ. ಆದರೆ ಕೊಡದಿದ್ದರೂ ನಡೆಯುತ್ತದೆ ಅಂತ ಗೊತ್ತಿದ್ದು ಕೊಡುವಾಗ ದನಿ ನಡುಗುವುದಿಲ್ಲ.

ಅಪ್ಪ ಈಗಲೂ ಬೈಯುತ್ತಾರೆ. ಟವೆಲ್ ಖರ್ಚು, ಅಂಗಡಿ ಬಿಟ್ಟು ಹೋದೆ, ಗಿರಾಕಿ ವಾಪಸ್ ಹೋದ, ಇವೇ. ಬೈಯುತ್ತಲೇ ಟೈರ್ ಉರುಳಿಸಿಕೊಂಡು ಬರುತ್ತಾರೆ.

ಆಮೇಲೆ ಅವರೆಲ್ಲ ಏನಾದರು ಅಂತ ಜನ ಕೇಳುತ್ತಾರೆ. ಅರ್ಧಕ್ಕರ್ಧ ನನಗೆ ಗೊತ್ತೇ ಆಗುವುದಿಲ್ಲ. ಆ ಸಂಜೆಯವರು ಕೈಗೆ ಪಟ್ಟಿ ಕಟ್ಟಿಕೊಂಡು ಹದಿನೈದು ದಿನಕ್ಕೆ ಬಂದರು, ಅಜ್ಜಿ ಎಲ್ಲಿ ಅಂತ ವಿಚಾರಿಸಿದರು. ಬಿದ್ದ ಬೈಕಿನ ಎಂಜಿನ್ ಆಫ್ ಮಾಡಿ ಕೀ ತೆಗೆದು ಜೇಬಿಗೆ ಹಾಕಿಕೊಳ್ಳುವುದು ನನಗೆ ಅಭ್ಯಾಸ. ಅವರ ಕೀ ವಾಪಸ್ ಕೊಟ್ಟೆ. ಇನ್ನೂ ಎರಡು ಕೀ ಗಲ್ಲಾಪೆಟ್ಟಿಗೆಯಲ್ಲಿವೆ. ಠಾಣೆಗೆ ಹೇಳಿದ್ದೇನೆ, ಮನೆಯವರು ಬಂದರೆ ಕೊಡಿ ಅಂದಿದ್ದಾರೆ. ಚಿಲ್ಲರೆ ಹುಡುಕುವಾಗಲೆಲ್ಲ ಕೈಗೆ ತಾಗುತ್ತವೆ.