ಸೈಕಲ್ ಪಥ ತೆಗೆಯುತ್ತಾರಂತೆ ಎಂಬ ಸುದ್ದಿ ಬಂದಾಗ ಮಾಡಬೇಕಾದ್ದು

ಸೈಕಲ್ ಪಥ ಒಂದೇ ದಿನದಲ್ಲಿ ಇಲ್ಲವಾಗುವುದು ಅಪರೂಪ. ಮೊದಲು ಪಥದ ಅಂಚಿಗೆ ನೆಟ್ಟ ನಾಲ್ಕು ಬೊಲಾರ್ಡ್ (ವಾಹನ ತಡೆಯುವ ಗಿಡ್ಡ ಕಂಬ) ಮುರಿಯುತ್ತವೆ, ಯಾರೂ ಹೊಸದು ಹಾಕುವುದಿಲ್ಲ. ಆ ಸಂದಿಯಲ್ಲಿ ಒಂದು ಕಾರು ನಿಲ್ಲುತ್ತದೆ, ಅದರ ಹಿಂದೆ ಇನ್ನೊಂದು. ಕೇಬಲ್‌ಗೆಂದು ಅಗೆದವರು ಮಣ್ಣು ಅಲ್ಲೇ ಬಿಟ್ಟು ಹೋಗುತ್ತಾರೆ. ಆಮೇಲೆ ರಸ್ತೆಗೆ ಡಾಂಬರು ಬೀಳುತ್ತದೆ, ಬಿಳಿ ಗೆರೆ ಅದರಡಿ ಮುಚ್ಚಿಹೋಗುತ್ತದೆ, ಮತ್ತೆ ಬಳಿಯುವವರಿಲ್ಲ. ಇಷ್ಟಾದ ಮೇಲೆ ‘ಯಾರೂ ಬಳಸುತ್ತಿಲ್ಲ, ತೆಗೆಯೋಣ’ ಎಂಬ ಮಾತು ಹೊರಡುತ್ತದೆ. ಜಯನಗರದಲ್ಲಿ ಗುರುತು ಹಾಕಿದ್ದ ಪಥಗಳು ಪಾರ್ಕಿಂಗ್ ಜಾಗವಾದದ್ದು ಹೀಗೆಯೇ. ಆದ್ದರಿಂದ ಆಕ್ಷೇಪಣೆಯ ಕೆಲಸ ಮೊದಲ ಬೊಲಾರ್ಡ್ ಮುರಿದ ವಾರವೇ ಶುರುವಾಗಬೇಕು. ಜೆಸಿಬಿ ಬಂದ ದಿನ ಕೈಯಲ್ಲಿ ಕಾಗದವಿಲ್ಲದಿದ್ದರೆ ಕೂಗಿ ಪ್ರಯೋಜನವಿಲ್ಲ.

ಮೊದಲು ರಸ್ತೆ ಯಾರದ್ದೆಂದು ತಿಳಿದುಕೊಳ್ಳಿ. ಬೆಂಗಳೂರಿನಲ್ಲಿ 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿಯ ಜಾಗದಲ್ಲಿ ಐದು ನಗರ ಪಾಲಿಕೆಗಳಿವೆ. ಹಳೆಯ ವಿಳಾಸಕ್ಕೆ ಬರೆದ ಅರ್ಜಿ ಕಚೇರಿಯಿಂದ ಕಚೇರಿಗೆ ಅಲೆಯುತ್ತದೆ. ರಸ್ತೆ ಬದಿಯ ಕಾಮಗಾರಿ ಫಲಕದಲ್ಲಿರುವ ಎಂಜಿನಿಯರಿಂಗ್ ವಿಭಾಗದ ಹೆಸರನ್ನೇ ಬರೆದುಕೊಂಡರೆ ಸುಲಭ. ಪಥ ತೆಗೆಯುವ ಮಾತು ಸಂಚಾರ ಪೊಲೀಸರ ಒಂದು ಪತ್ರದಿಂದ ಶುರುವಾಗಿರಬಹುದು. ಹಾಗಿದ್ದರೆ ಆ ಪತ್ರದ ಪ್ರತಿ ನಿಮಗೆ ಬೇಕೇ ಬೇಕು.

ಅದಕ್ಕೆ ಮಾಹಿತಿ ಹಕ್ಕು ಅರ್ಜಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, ಸುಮಾರು 150 ಪದಗಳ ಮಿತಿ, ಶುಲ್ಕ 10 ರೂಪಾಯಿ. ‘ಯಾಕೆ ತೆಗೆಯುತ್ತಿದ್ದೀರಿ?’ ಎಂದು ಕೇಳಿದರೆ ‘ಇದು ಮಾಹಿತಿಯ ವ್ಯಾಖ್ಯೆಗೆ ಬರುವುದಿಲ್ಲ’ ಎಂಬ ಉತ್ತರ ಬರುತ್ತದೆ. ದಾಖಲೆಯನ್ನೇ ಕೇಳಿ:

“ಇಂಥ ವೃತ್ತದಿಂದ ಇಂಥ ವೃತ್ತದವರೆಗಿನ ಸೈಕಲ್ ಪಥವನ್ನು ತೆರವುಗೊಳಿಸುವ ಆದೇಶ, ಕಡತದ ಟಿಪ್ಪಣಿ ಹಾಳೆಗಳು, ಈ ಬಗ್ಗೆ ಬಂದ ಪತ್ರಗಳು, ಸಂಚಾರ ಎಣಿಕೆ ನಡೆದಿದ್ದರೆ ಅದರ ವರದಿ, ಡಾಂಬರು ಕಾಮಗಾರಿಯ ಅಂದಾಜುಪಟ್ಟಿ — ಇವುಗಳ ದೃಢೀಕೃತ ಪ್ರತಿ ನೀಡಿ. ಕಲಂ 2(ಜೆ) ಪ್ರಕಾರ ಕಡತ ಪರಿಶೀಲನೆಗೂ ಅವಕಾಶ ಕೊಡಿ.”

30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಅಂದಾಜುಪಟ್ಟಿ ಕೇಳುವುದನ್ನು ಮರೆಯಬೇಡಿ. ಡಾಂಬರಿನ ಲೆಕ್ಕವಿದ್ದು ಗೆರೆ ಬಳಿಯುವ, ಬೊಲಾರ್ಡ್ ಮರಳಿ ನೆಡುವ ಲೆಕ್ಕವಿಲ್ಲದಿದ್ದರೆ, ಆದೇಶವೇ ಇಲ್ಲದೆ ಪಥ ಅಳಿಯಲಿದೆ ಎಂದೇ ಅರ್ಥ.

ಉತ್ತರಕ್ಕೆ ಕಾಯುತ್ತಾ ಕೂರದೆ ಎಣಿಕೆ ಮಾಡಿ. ಇಡೀ ಹೋರಾಟದಲ್ಲಿ ಹೆಚ್ಚು ತೂಕವಿರುವ ಕೆಲಸ ಇದು, ಹೆಚ್ಚು ತಪ್ಪಾಗುವುದೂ ಇದರಲ್ಲೇ. ಒಂದು ಜಾಗಕ್ಕೆ ಇಬ್ಬರು: ಒಬ್ಬರು ನೋಡಿ ಹೇಳಬೇಕು, ಇನ್ನೊಬ್ಬರು ಬರೆಯಬೇಕು. ಮಂಗಳವಾರದಿಂದ ಗುರುವಾರದೊಳಗೆ ಎರಡು ದಿನ, ಜೊತೆಗೆ ಒಂದು ಶನಿವಾರ. ಬೆಳಿಗ್ಗೆ 6ರಿಂದ 10, ಸಂಜೆ 4ರಿಂದ 8. ಭಾನುವಾರ ಮುಂಜಾನೆ ಹೆಲ್ಮೆಟ್ ತೊಟ್ಟು ಗುಂಪಾಗಿ ಬರುವವರನ್ನು ಎಣಿಸಿಕೊಟ್ಟರೆ ‘ಇದು ಶೋಕಿಗೆ ಓಡಿಸುವವರ ಪಥ’ ಎಂದು ಬದಿಗಿಡುತ್ತಾರೆ. ದಿನವೂ ಸೈಕಲ್ ತುಳಿಯುವ ಸೆಕ್ಯೂರಿಟಿ ಗಾರ್ಡ್, ಗಾರ್ಮೆಂಟ್ಸ್ ಕೆಲಸಗಾರರು, ಪೇಪರ್ ಹಾಕುವ ಹುಡುಗರು, ಶಾಲೆಯ ಮಕ್ಕಳು ಕಾಣುವುದು ಪಾಳಿ ಬದಲಾಗುವ ಹೊತ್ತಿನಲ್ಲಿ. ಮುಂಜಾನೆ 6ಕ್ಕೇ ನಿಲ್ಲಬೇಕು ಎನ್ನುವುದು ಅದಕ್ಕೇ.

ಹಾಳೆಯನ್ನು 15 ನಿಮಿಷಕ್ಕೊಂದು ಸಾಲಿನಂತೆ ಗೆರೆ ಹಾಕಿ. ಪಥದೊಳಗೆ ಹೋದ ಸೈಕಲ್, ಪಥ ಬಿಟ್ಟು ರಸ್ತೆಯಲ್ಲಿ ಹೋದ ಸೈಕಲ್, ಫುಟ್‌ಪಾತ್ ಮೇಲೆ ಹೋದದ್ದು, ಎದುರು ದಿಕ್ಕಿನಲ್ಲಿ ಬಂದದ್ದು, ಹೆಂಗಸರು, ಮಕ್ಕಳು, ಪಥಕ್ಕೆ ನುಗ್ಗಿದ ಸ್ಕೂಟರ್-ಬೈಕು, ಇವಿಷ್ಟಕ್ಕೆ ಬೇರೆಬೇರೆ ಕಾಲಂ. ಕೊನೆಯ ಕಾಲಂನಲ್ಲಿ, ನಿಂತ ಜಾಗದಿಂದ 100 ಮೀಟರ್‌ನೊಳಗೆ ಪಥದ ಮೇಲೆ ನಿಲ್ಲಿಸಿದ ವಾಹನ ಎಷ್ಟು ಎಂದು ಬರೆಯಿರಿ. ಪಥದೊಳಗಿನ ಸೈಕಲ್ ಮಾತ್ರ ಎಣಿಸಿದರೆ ನಿಮ್ಮ ಲೆಕ್ಕವೇ ನಿಮ್ಮ ವಿರುದ್ಧ ನಿಲ್ಲುತ್ತದೆ. ಕಾರು ನಿಂತಿದ್ದಕ್ಕೆ ಆಚೆ ಹೋದವರು ಎಷ್ಟು ಎಂದು ತೋರಿಸಿದಾಗ ‘ಖಾಲಿ ಪಥ’ ಎಂಬ ವಾದಕ್ಕೆ ಉತ್ತರ ಅಲ್ಲೇ ಸಿಗುತ್ತದೆ. ಮಳೆ ಬಂದಿದ್ದರೆ ಬರೆಯಿರಿ. ಪೆನ್ನಿನಲ್ಲಿ ಬರೆದ ಮೂಲ ಹಾಳೆಯನ್ನು ಎಸೆಯಬೇಡಿ, ಅದರ ಮೇಲೆ ಇಬ್ಬರ ಸಹಿ ಇರಲಿ.

ಅಳತೆಯೂ ಬೇಕು. ಟೇಪು ಹಿಡಿದು ಪಥದ ಅಗಲ, ಬೊಲಾರ್ಡ್‌ಗಳ ನಡುವಿನ ಅಂತರ ಅಳೆದು, ಅಂಕಿ ಕಾಣುವಂತೆ ಫೋಟೊ ತೆಗೆಯಿರಿ. ಮುರಿದ ಬೊಲಾರ್ಡ್‌ನ ಬುಡದಲ್ಲಿ ಬೋಲ್ಟ್ ನೆಲದಿಂದ ಎದ್ದು ನಿಂತಿರುತ್ತದೆ. ಕತ್ತಲಲ್ಲಿ ಸೈಕಲ್ ಚಕ್ರ ತಗುಲಿದರೆ ಆಳು ಬೀಳುವುದು ಖಂಡಿತ. ಅದರ ಪಕ್ಕ ಅಳತೆಪಟ್ಟಿ ಇಟ್ಟು ತೆಗೆದ ಒಂದು ಫೋಟೊ ಮನವಿಯ ಎರಡು ಪುಟಕ್ಕೆ ಸಮ.

ಮನವಿ ಎರಡು ಪುಟ ಮೀರದಿರಲಿ. ಬೇಡಿಕೆ ಮೂರು ಸಾಕು: ಕಾರಣ ಸಹಿತ ಲಿಖಿತ ಆದೇಶ ಕೊಡಿ, ನಮ್ಮ ಅಹವಾಲು ಕೇಳುವವರೆಗೆ ಮುಟ್ಟಬೇಡಿ, ಮೆಟ್ರೊ ಅಥವಾ ಪೈಪ್ ಕಾಮಗಾರಿಗೆ ತೆಗೆಯಲೇಬೇಕಿದ್ದರೆ ಬದಲಿ ದಾರಿ ಮತ್ತು ಮರಳಿ ಹಾಕುವ ದಿನಾಂಕ ಬರೆದುಕೊಡಿ. ಮೂರನೆಯದು ಇಲ್ಲದಿದ್ದರೆ ‘ತಾತ್ಕಾಲಿಕ’ ಎಂಬ ಮಾತಿಗೆ ಕೊನೆಯೇ ಇರುವುದಿಲ್ಲ. ಒಂದು ಪ್ರತಿ ನಗರ ಭೂ ಸಾರಿಗೆ ನಿರ್ದೇಶನಾಲಯಕ್ಕೂ ಹೋಗಲಿ. ಎರಡನೇ ಪ್ರತಿಯ ಮೇಲೆ ಟಪಾಲು ವಿಭಾಗದ ಸೀಲು, ದಿನಾಂಕ ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಗೆ ಬರಬೇಡಿ.

ಅಂಗಡಿಯವರನ್ನು ಎದುರಾಳಿ ಮಾಡಿಕೊಂಡರೆ ಅವರ ದೂರೇ ಕಡತದ ಮೊದಲ ಪುಟವಾಗುತ್ತದೆ. ಲೋಡು ಇಳಿಸುವುದು ಯಾವ ಹೊತ್ತಿಗೆ ಎಂದು ಒಬ್ಬೊಬ್ಬರನ್ನೂ ಕೇಳಿ. ಅಡ್ಡರಸ್ತೆಯ ತುದಿಯಲ್ಲಿ ಅದಕ್ಕೊಂದು ಜಾಗ ಬೇಕೆಂದು ನಿಮ್ಮ ಮನವಿಯಲ್ಲೇ ಸೇರಿಸಿ. ನಿಜಕ್ಕೂ ಅವರಿಗೆ ಬೇಕಿರುವುದು ಅಷ್ಟೇ.

ಬೆಂಗಳೂರಿನಲ್ಲಿ 2021ರ ಆದೇಶದಂತೆ ಪ್ರತಿಭಟನೆಗೆ ಇರುವ ಜಾಗ ಫ್ರೀಡಂ ಪಾರ್ಕ್ ಒಂದೇ. ಪಥದ ಮೇಲೆ ಫಲಕ ಹಿಡಿದು ಕುಳಿತರೆ ಕೇಸು ಬೀಳಬಹುದು.

ಹೈಕೋರ್ಟ್ ಕೊನೆಯ ಮೆಟ್ಟಿಲು. ಅಲ್ಲಿ ಕೇಳುವ ಮೊದಲ ಪ್ರಶ್ನೆ ‘ಅಧಿಕಾರಿಗಳಿಗೆ ಮನವಿ ಕೊಟ್ಟಿದ್ದೀರಾ?’ ಆ ಸೀಲಿನ ಪ್ರತಿ ಅದಕ್ಕೇ. ಕೆನಡಾದ ಟೊರಾಂಟೊ ನಗರದ ಬ್ಲೂರ್, ಯಂಗ್, ಯೂನಿವರ್ಸಿಟಿ ರಸ್ತೆಗಳ ಪಥ ಕೀಳಲು ಅಲ್ಲಿನ ಒಂಟಾರಿಯೊ ಪ್ರಾಂತ್ಯದ ಸರ್ಕಾರ 2024ರ ನವೆಂಬರ್‌ನಲ್ಲಿ ಕಾನೂನನ್ನೇ ತಂದಿತ್ತು. ಸೈಕಲ್ ಟೊರಾಂಟೊ ಸಂಸ್ಥೆ ಕೋರ್ಟಿಗೆ ಹೋಯಿತು. 2025ರ ಏಪ್ರಿಲ್‌ನಲ್ಲಿ ತಡೆಯಾಜ್ಞೆ ಸಿಕ್ಕಿತು, ಜುಲೈ 30ರಂದು ಪಥ ತೆಗೆಯುವುದು ಜೀವ ಮತ್ತು ದೇಹದ ಭದ್ರತೆಯ ಹಕ್ಕಿಗೆ ವಿರುದ್ಧ ಎಂಬ ತೀರ್ಪು ಬಂತು. ಸರ್ಕಾರ ಮೇಲ್ಮನವಿಗೆ ಹೋಯಿತಾದರೂ, ಕೆಳಗಿನ ಕೋರ್ಟಿನಲ್ಲಿ ಅದನ್ನು ಕಟ್ಟಿಹಾಕಿದ್ದು ಅದರದೇ ಕಾಗದ: ಪಥ ತೆಗೆದರೆ ವಾಹನ ದಟ್ಟಣೆ ಕಡಿಮೆಯಾಗದು ಎಂದು ಸರ್ಕಾರಕ್ಕೆ ಸಿಕ್ಕ ಸಲಹೆಯೇ ಹೇಳಿತ್ತು. ಅಧಿಕಾರಿಗಳು ಕಡತದಲ್ಲಿ ಅಭಿಪ್ರಾಯ ಬರೆಯುವ ಟಿಪ್ಪಣಿ ಹಾಳೆಗಳನ್ನೂ ಮಾಹಿತಿ ಹಕ್ಕು ಅರ್ಜಿಯಲ್ಲಿ ಸೇರಿಸಿದ್ದು ಇದಕ್ಕೇ.

ಪಥ ಉಳಿಸುವ ಭರವಸೆ ಸಿಕ್ಕರೂ ಡಾಂಬರು ಹಾಕುವ ರಾತ್ರಿ ಒಬ್ಬರು ಅಲ್ಲಿರಲಿ. ಕಾಮಗಾರಿಗೆ ಮುನ್ನ ಪಥದ ಅಂಚು ಎಲ್ಲಿತ್ತೆಂದು ವಿದ್ಯುತ್ ಕಂಬದಿಂದಲೋ ಮ್ಯಾನ್‌ಹೋಲ್‌ನಿಂದಲೋ ಅಳೆದು ಬರೆದಿಡಿ. ಹೊಸ ಗೆರೆ ಅರ್ಧ ಮೀಟರ್ ಒಳಗೆ ಸರಿದಿದ್ದರೆ ಆ ಅಳತೆಯೊಂದಿಗೆ ಮರುದಿನ ಬೆಳಿಗ್ಗೆಯೇ ಸಹಾಯಕ ಎಂಜಿನಿಯರ್‌ಗೆ ಬರೆದು ಕೊಡಿ.