ಅಪರಾಧ ಸುದ್ದಿಯ ಇಂಗ್ಲಿಷನ್ನು ವಿಯೆಟ್ನಾಮಿನವರಿಗೆ ಕಲಿಸುವ ಬಗೆ

ವಿಯೆಟ್ನಾಮಿನ ವಿದ್ಯಾರ್ಥಿ ‘ಐ ವಾಸ್ ಸ್ಟೋಲನ್ ಮೈ ಫೋನ್’ ಎಂದರೆ ಅವನಿಗೆ ಪದ ಗೊತ್ತಿಲ್ಲ ಎಂದಲ್ಲ. ‘ಸ್ಟೀಲ್’ ಗೊತ್ತು, ಅದರ ಮೂರನೇ ರೂಪವೂ ಗೊತ್ತು. ತಪ್ಪಿದ್ದು ವಾಕ್ಯದ ಕಟ್ಟು, ಅದು ನೇರವಾಗಿ ಅವನ ತಾಯ್ನುಡಿಯಿಂದ ಬಂದದ್ದು. ನಲವತ್ತು ಪದಗಳ ಪಟ್ಟಿ ಕೊಟ್ಟು ಬಾಯಿಪಾಠ ಮಾಡಿಸುವವರು ಎಡವುವುದು ಇಲ್ಲೇ. ಆನ್‌ಲೈನ್‌ನಲ್ಲಿ ಹನೋಯ್, ಹೋ ಚಿ ಮಿನ್ ಸಿಟಿಯವರಿಗೆ ಪಾಠ ಹೇಳುವ ಕನ್ನಡಿಗರು ಪಟ್ಟಿಯನ್ನು ಬದಿಗಿಟ್ಟು, ವಿಯೆಟ್ನಾಮಿ ಭಾಷೆ ಎಲ್ಲೆಲ್ಲಿ ಎಳೆಯುತ್ತದೆ ಎಂದು ತಿಳಿದುಕೊಂಡು ಪಾಠ ಜೋಡಿಸಬೇಕು. ಅಲ್ಲಿನ ತಪ್ಪುಗಳನ್ನು ಬಹುಮಟ್ಟಿಗೆ ಮೊದಲೇ ಊಹಿಸಬಹುದು.

ಕೆಳಗಿನ ವಿಯೆಟ್ನಾಮಿ ಪದಗಳನ್ನು ಹನೋಯ್ ಕಡೆಯ ಉಚ್ಚಾರಣೆಗೆ ಹತ್ತಿರವಾಗಿ ಬರೆದಿದೆ. ಅವುಗಳ ಏರಿಳಿತದ ಟೋನ್‌ಗಳು ನಮ್ಮ ಲಿಪಿಯಲ್ಲಿ ಕೂರುವುದಿಲ್ಲ.

ಮೊದಲು ‘ಬಿ’ ಬಿಡಿಸಿ

‘ತೋಯ್ ಬಿ ಮತ್ ಕಪ್ ದಿಯೆನ್ ಥ್ವಾಯ್.’ ತೋಯ್ ಅಂದರೆ ನಾನು, ಮತ್ ಕಪ್ ಅಂದರೆ ಕಳವಾಗು, ದಿಯೆನ್ ಥ್ವಾಯ್ ಅಂದರೆ ಫೋನ್. ನಡುವಿನ ‘ಬಿ’ ಹೇಳುವುದು ಇಷ್ಟೇ: ಇವನಿಗೆ ಕೆಡುಕು ಒದಗಿತು. ಕೆಡುಕು ಅನುಭವಿಸಿದವನು ವಾಕ್ಯದ ಮೊದಲಿಗೆ ಬರುತ್ತಾನೆ, ಕಳೆದ ವಸ್ತು ಕೊನೆಯಲ್ಲಿ ಕೂರುತ್ತದೆ. ಪುಸ್ತಕದಲ್ಲಿ ‘ಬಿ’ ಎಂದರೆ ಕರ್ಮಣಿ ಪ್ರಯೋಗ ಎಂದು ಕಲಿತ ವಿದ್ಯಾರ್ಥಿ ಅದರ ಜಾಗದಲ್ಲಿ ‘ವಾಸ್’ ಇಟ್ಟುಬಿಡುತ್ತಾನೆ. ನಾವು ‘ನನ್ನ ಫೋನ್ ಕಳವಾಯಿತು’ ಎಂದು ಫೋನನ್ನೇ ಮುಂದೆ ತರುವವರು. ಹಾಗಾಗಿ ಈ ತಪ್ಪು ಎಲ್ಲಿಂದ ಬಂತೆಂದು ಕನ್ನಡದ ಮೇಷ್ಟ್ರಿಗೆ ತಟ್ಟನೆ ಹೊಳೆಯುವುದಿಲ್ಲ.

ಸರಿಪಡಿಸಲು ಒಂದೇ ಪ್ರಶ್ನೆ ಸಾಕು: ಜಾಗ ಬಿಟ್ಟು ಹೋದದ್ದು ಯಾವುದು? ಫೋನ್. ‘ಸ್ಟೀಲ್’ ಜೊತೆಗೆ ಅದೇ ಕರ್ತೃವಿನ ಸ್ಥಾನಕ್ಕೆ ಬರಬೇಕು: ‘ಮೈ ಫೋನ್ ವಾಸ್ ಸ್ಟೋಲನ್’. ಮನುಷ್ಯನನ್ನೇ ಮುಂದಿಡಬೇಕೆಂದರೆ ಎರಡು ದಾರಿ: ‘ಐ ಹ್ಯಾಡ್ ಮೈ ಫೋನ್ ಸ್ಟೋಲನ್’, ಇಲ್ಲವೇ ಬೆದರಿಸಿ ಕಿತ್ತುಕೊಂಡಿದ್ದರೆ ‘ಐ ವಾಸ್ ರಾಬ್ಡ್ ಆಫ್ ಮೈ ಫೋನ್’. ‘ಸ್ಟೀಲ್’ಗೆ ವಸ್ತು, ‘ರಾಬ್’ಗೆ ಮನುಷ್ಯ ಅಥವಾ ಬ್ಯಾಂಕು. ಈ ಮೂರೂ ವಾಕ್ಯ ತಡವರಿಸದೆ ಬರುವ ತನಕ ಮುಂದಕ್ಕೆ ಹೋಗಬೇಡಿ. ಫೋನಿನ ಜಾಗದಲ್ಲಿ ಪರ್ಸು, ಬೈಕು, ಪಾಸ್‌ಪೋರ್ಟು ಇಟ್ಟು ಹೇಳಿಸಿ.

‘ಬಿ’ಗೆ ಎದುರಾಗಿ ‘ದುಅಕ್’ ಇದೆ, ಒಳಿತು ಒದಗಿದಾಗ ಬಳಸುವುದು. ಸೆರೆಸಿಕ್ಕುವುದು ‘ಬಿ ಬತ್’, ಬಿಡುಗಡೆಯಾಗುವುದು ‘ದುಅಕ್ ಥಾ’. ಇಂಗ್ಲಿಷಿನ ಕರ್ಮಣಿಯಲ್ಲಿ ಈ ಒಳಿತು ಕೆಡುಕಿನ ಬಣ್ಣ ಇಲ್ಲ, ಅರೆಸ್ಟಿಗೂ ಬಿಡುಗಡೆಗೂ ಒಂದೇ ‘ವಾಸ್’. ಇದನ್ನು ಬಾಯಿಬಿಟ್ಟು ಹೇಳದಿದ್ದರೆ ಕೆಲವರು ‘ಸಫರ್ಡ್ ಅರೆಸ್ಟೆಡ್’ ಎಂದೆಲ್ಲ ಬರೆಯುತ್ತಾರೆ.

ಯಾವ ಕಳ್ಳತನ?

ವಿಯೆಟ್ನಾಮಿಯಲ್ಲೂ ಕಳ್ಳತನಕ್ಕೆ ಬಗೆಬಗೆಯ ಹೆಸರುಗಳಿವೆ. ಸಣ್ಣಪುಟ್ಟದ್ದು ಎತ್ತುವುದು ‘ಅನ್ ಕಪ್’, ಯಾರೂ ನೋಡದಂತೆ ಕದಿಯುವುದು ‘ಅನ್ ಚೋಮ್’, ಬಲ ಪ್ರಯೋಗಿಸಿ ದೋಚುವುದು ‘ಕುಅಪ್’, ಕಿತ್ತುಕೊಂಡು ಓಡುವುದು ‘ಕುಅಪ್ ಝತ್’, ಜೇಬುಗಳ್ಳತನ ‘ಮೋಕ್ ತುಯ್’. ಕಾನೂನಿನಲ್ಲೂ ಇವಕ್ಕೆ ಬೇರೆ ಬೇರೆ ಕಲಮುಗಳಿವೆ. 2015ರ ದಂಡಸಂಹಿತೆಯ 168ನೇ ಕಲಮು ದರೋಡೆಗೆ, 171 ಕಿತ್ತೋಡುವುದಕ್ಕೆ, 173 ಕಳವಿಗೆ. ಕಳವಿನ ಮೊಕದ್ದಮೆಗೆ ಸಾಮಾನ್ಯ ಮಿತಿ 20 ಲಕ್ಷ ಡಾಂಗ್ ಬೆಲೆಯ ವಸ್ತು. ಆದ್ದರಿಂದ ‘ರಾಬರಿ’, ‘ಸ್ನ್ಯಾಚಿಂಗ್’, ‘ಥೆಫ್ಟ್’, ‘ಪಿಕ್‌ಪಾಕೆಟ್’ ಸುಲಭವಾಗಿ ತಲೆಗೆ ಹೋಗುತ್ತವೆ. ಸಿಕ್ಕಿಕೊಳ್ಳುವುದು ‘ಬರ್ಗ್ಲರಿ’. ಅಲ್ಲಿ ಕನ್ನಗಳವಿಗೆ ಪ್ರತ್ಯೇಕ ಕಲಮಿಲ್ಲ, ಮನೆಗೆ ನುಗ್ಗಿ ಗುಟ್ಟಾಗಿ ಕದ್ದರೂ ಅದು 173ರ ಕಳವೇ. ಕಟ್ಟಡದೊಳಕ್ಕೆ ಅಕ್ರಮವಾಗಿ ಹೊಕ್ಕಿರಬೇಕು ಎಂಬ ಷರತ್ತನ್ನು ಒತ್ತಿ ಹೇಳಿ.

‘ಅನ್’ ಎಂದರೆ ತಿನ್ನು. ಲಂಚ ತೆಗೆದುಕೊಳ್ಳುವುದೂ ಅವರಲ್ಲಿ ‘ಅನ್ ಹೋಯ್ ಲೋ’. ನಾವೂ ಲಂಚ ತಿನ್ನುವವರೇ ಆದ್ದರಿಂದ ‘ಈಟ್ ಎ ಬ್ರೈಬ್’ ಎಂದು ಅವರು ಬರೆದಾಗ ನಮ್ಮ ಕಣ್ಣಿಗೆ ತಪ್ಪು ಬೀಳದೇ ಹೋಗಬಹುದು. ಇಂಗ್ಲಿಷಿನಲ್ಲಿ ‘ಟೇಕ್’ ಅಥವಾ ‘ಅಕ್ಸೆಪ್ಟ್’.

‘ಲುಅ ದಾವ್’ ಮಾತ್ರ ವಿಪರೀತ ದೊಡ್ಡ ಪದ. ‘ಸ್ಕ್ಯಾಮ್’, ‘ಫ್ರಾಡ್’, ‘ಫಿಶಿಂಗ್’ ಎಲ್ಲವೂ ಅದರೊಳಗೇ. ಆಡುಮಾತಿನಲ್ಲಿ ಮೋಸದ ಕರೆಗೆ ‘ಸ್ಕ್ಯಾಮ್’, ಕೋರ್ಟಿನ ಆರೋಪಕ್ಕೆ ‘ಫ್ರಾಡ್’, ನಕಲಿ ಲಿಂಕ್ ಕಳಿಸಿ ಪಾಸ್‌ವರ್ಡ್ ಕಸಿಯುವುದಕ್ಕೆ ‘ಫಿಶಿಂಗ್’ ಎಂದು ವಿಂಗಡಿಸಿಕೊಡಿ.

ಠಾಣೆಯಿಂದ ಜೈಲಿನವರೆಗೆ

‘ಅರೆಸ್ಟೆಡ್ ಫಾರ್’, ‘ಅಕ್ಯೂಸ್ಡ್ ಆಫ್’, ‘ಚಾರ್ಜ್ಡ್ ವಿತ್’, ‘ಕನ್ವಿಕ್ಟೆಡ್ ಆಫ್’, ‘ಸೆಂಟೆನ್ಸ್ಡ್ ಟು’: ಇಂಗ್ಲಿಷಿನಲ್ಲಿ ಕ್ರಿಯಾಪದಕ್ಕೆ ತಕ್ಕಂತೆ ಅದರ ಬೆನ್ನಿಗಿರುವ ಪುಟ್ಟ ಪದವೂ ಬದಲಾಗುತ್ತದೆ. ವಿಯೆಟ್ನಾಮಿಯಲ್ಲಿ ಸೆರೆಯಿಂದ ತೀರ್ಪಿನವರೆಗೂ ‘ವೆ ತೋಯ್’, ಅಂದರೆ ‘ಅಪರಾಧದ ಬಗ್ಗೆ’ ಎಂದರೆ ನಡೆಯುತ್ತದೆ. ಹಾಗಾಗಿ ‘ಅಕ್ಯೂಸ್ಡ್ ಅಬೌಟ್’ ಬರುತ್ತದೆ. ಬಿಡಿಬಿಡಿಯಾಗಿ ಕಲಿಸಿದರೆ ಕಲಸಿಹೋಗುತ್ತವೆ. ಒಬ್ಬ ಕಾಲ್ಪನಿಕ ಕಾರುಗಳ್ಳನ ಪ್ರಕರಣವನ್ನು ಐದೇ ವಾಕ್ಯದಲ್ಲಿ, ನಡೆದ ಕ್ರಮದಲ್ಲೇ ಹೇಳಿಸಿ. ಒಂದು ವಾಕ್ಯಕ್ಕೆ ಒಂದು ಕ್ರಿಯಾಪದ. ಮರುದಿನ ಅಪರಾಧವನ್ನು ಬದಲಿಸಿ ಅದೇ ಐದು ವಾಕ್ಯ. ‘ದಾ’ ಎಂಬ ಪುಟ್ಟ ಪದ, ಇಲ್ಲವೇ ಬರೀ ‘ನಿನ್ನೆ’, ಭೂತಕಾಲ ತೋರಿಸಿದರೆ ಅವರ ಕ್ರಿಯಾಪದ ರೂಪ ಬದಲಿಸುವುದಿಲ್ಲ. ‘ಪೊಲೀಸ್ ಅರೆಸ್ಟ್ ಹಿಮ್ ಯೆಸ್ಟರ್ಡೇ’ ಬರುವುದು ಅದರಿಂದಲೇ.

ಅಪರಾಧವನ್ನು ‘ಕಮಿಟ್’ ಮಾಡುತ್ತಾರೆ, ‘ಮೇಕ್’ ಮಾಡುವುದಿಲ್ಲ. ‘ಪೊಲೀಸ್’ ಬಹುವಚನ, ‘ಆರ್’ ಜೊತೆ. ‘ನ್ಯೂಸ್’ ಏಕವಚನ, ಆದರೂ ‘ಎ ನ್ಯೂಸ್’ ಇಲ್ಲ. ‘ಎವಿಡೆನ್ಸ್’ಗೂ ‘ಆ್ಯನ್’ ಹಚ್ಚುವಂತಿಲ್ಲ.

ತೀರಾ ಅಪಾಯದ ಪದ ‘ಆನ್ ಚೆಒ’. ಅದು ಅಮಾನತಿನಲ್ಲಿಟ್ಟ ಶಿಕ್ಷೆ. ಮೂರು ವರ್ಷ ಮೀರದ ಜೈಲುಶಿಕ್ಷೆಗೆ ವಿಯೆಟ್ನಾಮಿನ ನ್ಯಾಯಾಲಯ ಇದನ್ನು ಕೊಡಬಹುದು, ಅಪರಾಧಿ ಷರತ್ತಿನ ಮೇಲೆ ಹೊರಗಿರುತ್ತಾನೆ. ಆದರೆ ‘ಚೆಒ’ ಎಂದರೆ ತೂಗುಹಾಕು. ನಿಘಂಟು ನೋಡಿ ಪದಕ್ಕೆ ಪದ ಇಟ್ಟರೆ ಮನೆಗೆ ಹೋದವನು ನೇಣಿಗೇರಿಬಿಡುತ್ತಾನೆ. ‘ಸಸ್ಪೆಂಡೆಡ್ ಸೆಂಟೆನ್ಸ್’ ಎಂಬುದನ್ನು ಇಡಿಯಾಗಿ, ಒಂದೇ ಪದವೆಂಬಂತೆ ಕಲಿಸಿ.

‘ದೋಯ್ ತುಅಂಗ್’ ಇನ್ನೊಂದು. ಅಲ್ಲಿನ ಪತ್ರಿಕೆಗಳು ಶಂಕಿತನನ್ನು ಹೀಗೆ ಕರೆಯುತ್ತವೆ, ನಿಘಂಟಿನಲ್ಲಿ ಅದರ ಅರ್ಥ ‘ಆಬ್ಜೆಕ್ಟ್’. ‘ದಿ ಆಬ್ಜೆಕ್ಟ್ ರ‍್ಯಾನ್ ಅವೇ’ ಎಂದು ಬರೆದರೆ ಓದುವವನಿಗೆ ಏನೂ ಅರ್ಥವಾಗದು, ‘ಸಸ್ಪೆಕ್ಟ್’ ಎನ್ನಬೇಕು. ಇದೇ ಸಂದರ್ಭದಲ್ಲಿ ‘ಅಲೆಜ್ಡ್’, ಅಂದರೆ ‘ಆರೋಪಿತ’, ಕಲಿಸಿ. ತೀರ್ಪಿಗೆ ಮುಂಚೆ ಯಾರನ್ನೂ ‘ಥೀಫ್’ ಎಂದು ಬರೆಯಬಾರದು ಎಂಬುದು ಇಂಗ್ಲಿಷ್ ಪತ್ರಿಕೆಗಳ ಶಿಸ್ತು, ಇದನ್ನು ಸಡಿಲ ಬಿಡಬೇಡಿ. ವಿಯೆಟ್ನಾಮಿನ 2013ರ ಸಂವಿಧಾನದ 31ನೇ ವಿಧಿಯೂ ಅಪರಾಧ ಸಾಬೀತಾಗುವ ತನಕ ಆರೋಪಿ ನಿರಪರಾಧಿ ಎನ್ನುತ್ತದೆ, ಆದ್ದರಿಂದ ತತ್ವ ಅವರಿಗೆ ಹೊಸತಲ್ಲ.

ಆರೋಪಿಗೆ ಅಲ್ಲಿ ಎರಡು ಹೆಸರು. ತನಿಖೆಯ ಹಂತದಲ್ಲಿ ಮೊಕದ್ದಮೆ ಹೂಡಲ್ಪಟ್ಟವನು ‘ಬಿ ಕಾನ್’, ನ್ಯಾಯಾಲಯ ವಿಚಾರಣೆಗೆ ನಿಲ್ಲಿಸಿದ ಮೇಲೆ ‘ಬಿ ಕಾವ್’. ಎರಡನೆಯದಕ್ಕೆ ‘ಡಿಫೆಂಡೆಂಟ್’ ಸರಿಹೊಂದುತ್ತದೆ; ಮೊದಲನೆಯದಕ್ಕೆ ‘ದಿ ಅಕ್ಯೂಸ್ಡ್’ ಸಾಕು. ಅಲ್ಲಿ ಜ್ಯೂರಿ ಇಲ್ಲ. ಕೆಳನ್ಯಾಯಾಲಯದ ಪೀಠದಲ್ಲಿ ಸಾಮಾನ್ಯವಾಗಿ ಒಬ್ಬ ನ್ಯಾಯಾಧೀಶರು, ನ್ಯಾಯಾಧೀಶರಲ್ಲದ ಇಬ್ಬರು ಸದಸ್ಯರು ಕೂರುತ್ತಾರೆ. ಆ ಸದಸ್ಯರನ್ನು ‘ಜ್ಯೂರಿ’ ಎಂದು ಕರೆದರೆ ತಪ್ಪು, ‘ಪೀಪಲ್ಸ್ ಅಸೆಸರ್ಸ್’ ಎನ್ನುತ್ತಾರೆ.

ತಲೆಬರಹ ಓದಿಸುವುದು

‘ಟು ಹೆಲ್ಡ್ ಓವರ್ ವೇರ್‌ಹೌಸ್ ಬ್ಲೇಜ್.’ ಇದನ್ನು ಕೊಟ್ಟರೆ ಇಬ್ಬರು ಏನನ್ನೋ ಹಿಡಿದುಕೊಂಡರು ಎಂದು ಓದುವವರೇ ಹೆಚ್ಚು. ವಿಯೆಟ್ನಾಮಿ ತಲೆಬರಹದಲ್ಲಿ ಸಿಕ್ಕಿಬಿದ್ದವರನ್ನು ಹೇಳಿದ ಮೇಲೆ ಸಾಮಾನ್ಯವಾಗಿ ‘ಬಿ’ ಇರುತ್ತದೆ. ಇಂಗ್ಲಿಷ್ ತಲೆಬರಹ ‘ವರ್’ ಅನ್ನು ನುಂಗಿಬಿಟ್ಟಿದೆ. ‘ಪೊಲೀಸ್ ಅರೆಸ್ಟ್ ಟು’ ಎಂಬಂಥದ್ದು ಅವರಿಗೆ ಕಷ್ಟವಾಗುವುದಿಲ್ಲ, ರೂಪ ಬದಲಿಸದ ಕ್ರಿಯಾಪದ ಅವರ ಮನೆಯದೇ. ಹಾಗಾಗಿ ಸಮಯವನ್ನೆಲ್ಲ ಕರ್ಮಣಿ ತಲೆಬರಹಕ್ಕೇ ಕೊಡಿ.

ಒಂದೊಂದು ತಲೆಬರಹವನ್ನೂ ಪೂರ್ಣ ವಾಕ್ಯವಾಗಿ ಬರೆಸಿ: ‘ಟು ಪೀಪಲ್ ಹ್ಯಾವ್ ಬೀನ್ ಅರೆಸ್ಟೆಡ್ ಇನ್ ಕನೆಕ್ಷನ್ ವಿತ್ ಎ ಫೈರ್ ಅಟ್ ಎ ವೇರ್‌ಹೌಸ್.’ ‘ಬ್ಲೇಜ್’ ಬೆಂಕಿಯಾಯಿತು, ‘ಓವರ್’ ‘ಇನ್ ಕನೆಕ್ಷನ್ ವಿತ್’ ಆಯಿತು, ‘ಎ’ಗಳು ಮರಳಿ ಬಂದವು. ‘ಪ್ರೋಬ್’, ‘ನ್ಯಾಬ್’, ‘ಹೀಸ್ಟ್’, ‘ಕ್ವಿಜ್’ ಇವೂ ತಲೆಬರಹದ ಪದಗಳೇ; ಅಲ್ಲಿ ‘ಕ್ವಿಜ್’ ಅಂದರೆ ಪೊಲೀಸರ ವಿಚಾರಣೆ. ಅವುಗಳನ್ನು ಓದಲಷ್ಟೇ ಕಲಿಸಿ, ಪ್ರಬಂಧದಲ್ಲಿ ಬಳಸಲು ಬಿಡಬೇಡಿ.

ಓದಿಗೆ ಅಲ್ಲಿನ ಸುದ್ದಿತಾಣ ವಿಎನ್‌ಎಕ್ಸ್‌ಪ್ರೆಸ್ ಒಳ್ಳೆಯದು. ವಿಯೆಟ್ನಾಮಿ ಆವೃತ್ತಿಯ ಸುದ್ದಿಯೇ ಎಷ್ಟೋ ಸಲ ಇಂಗ್ಲಿಷ್ ಆವೃತ್ತಿಯಲ್ಲೂ ಇರುತ್ತದೆ, ಜೋಡಿಯಾಗಿ ಇಟ್ಟು ಓದಬಹುದು. ತಲೆಬರಹಗಳನ್ನು ಮಾತ್ರ ಬ್ರಿಟಿಷ್ ಪತ್ರಿಕೆಗಳಿಂದ ಆಯ್ದುಕೊಳ್ಳಿ, ಅವರಷ್ಟು ಹಿಂಡಿ ಬರೆಯುವವರು ಬೇರಿಲ್ಲ.

ಪತ್ರಿಕೆಯ ಬಗೆಗಿನ ಮಾತುಗಳಲ್ಲಿ ‘ತಿನ್ ನೋಂಗ್’, ಬಿಸಿ ಸುದ್ದಿ, ‘ಹಾಟ್ ನ್ಯೂಸ್’ ಆಗಿ ಬರುತ್ತದೆ. ‘ಬ್ರೇಕಿಂಗ್ ನ್ಯೂಸ್’ ಎಂದು ತಿದ್ದಿ. ‘ಬಾವ್ ಲಾ ಕಾಯ್’, ಕೋಸಿನೆಲೆಯ ಪತ್ರಿಕೆ, ಇಂಗ್ಲಿಷಿನ ‘ಟ್ಯಾಬ್ಲಾಯ್ಡ್’. ‘ತಿನ್ ವಿತ್’, ಬಾತುಕೋಳಿ ಸುದ್ದಿ, ‘ಹೋಕ್ಸ್’. ‘ಝತ್ ತಿತ್’, ಜಗ್ಗಿ ಎಳೆಯುವ ಶೀರ್ಷಿಕೆ, ‘ಕ್ಲಿಕ್‌ಬೇಟ್’.

ನಮ್ಮ ಕಿವಿಗೆ ಕೇಳಿಸದ ತಪ್ಪು

ವಿಯೆಟ್ನಾಮಿ ಬರವಣಿಗೆಯ ‘ಟಿ-ಎಚ್’ ಹೆಚ್ಚುಕಡಿಮೆ ನಮ್ಮ ‘ಥ’. ಹಾಗಾಗಿ ‘ಥೀಫ್’, ‘ಥೆಫ್ಟ್’ ಪದಗಳಲ್ಲಿ ಅವರು ಮಾಡುವ ತಪ್ಪು ನಮ್ಮ ತಪ್ಪೇ. ಕಲಿಸುವವರಿಗೆ ಅದು ಸರಿಯಾಗಿಯೇ ಕೇಳಿಸುತ್ತದೆ! ಪರೀಕ್ಷೆ ಸುಲಭ: ಮೊದಲ ಧ್ವನಿಯನ್ನಷ್ಟೇ ಮೂರು ಸೆಕೆಂಡು ಎಳೆಯಲು ಹೇಳಿ. ‘ಥ’ ಪಟಕ್ಕನೆ ಸಿಡಿದು ಮುಗಿಯುತ್ತದೆ, ಎಳೆಯಲು ಬರುವುದಿಲ್ಲ. ಇಂಗ್ಲಿಷಿನ ಧ್ವನಿಯಲ್ಲಿ ನಾಲಿಗೆಯ ತುದಿ ಹಲ್ಲುಗಳ ನಡುವೆ ತಂಗಿ ಗಾಳಿ ಸತತವಾಗಿ ಹೋಗುತ್ತಿರುತ್ತದೆ. ಮೊದಲು ನೀವು ಮಾಡಿ ನೋಡಿಕೊಳ್ಳಿ.

ಪದದ ಕೊನೆಯಲ್ಲಿ ನಮ್ಮ ಕಷ್ಟವೂ ಅವರದೂ ಎದುರುಬದುರು. ವಿಯೆಟ್ನಾಮಿ ಪದ ಪ, ತ, ಕ ಮತ್ತು ಅನುನಾಸಿಕಗಳನ್ನು ಬಿಟ್ಟು ಬೇರೆ ವ್ಯಂಜನದಲ್ಲಿ ಮುಗಿಯುವುದಿಲ್ಲ, ಒತ್ತಕ್ಷರವಂತೂ ಕೊನೆಯಲ್ಲಿ ಬರುವುದೇ ಇಲ್ಲ. ‘ಥೆಫ್ಟ್’ ‘ಥೆಪ್’ ಆಗುತ್ತದೆ, ‘ಪೊಲೀಸ್’ ‘ಪೊಲಿ’, ‘ಜೈಲ್ಡ್’ನ ಬಾಲವೇ ಹೋಗುತ್ತದೆ. ನಾವೋ ಕೊನೆಗೆ ‘ಉ’ ಸೇರಿಸಿ ‘ಥೆಫ್ಟು’ ಎನ್ನುವವರು. ನಮ್ಮ ಮದ್ದನ್ನು ಅವರಿಗೆ ಕೊಟ್ಟರೆ ಹೊಸ ರೋಗ ಅಂಟುತ್ತದೆ. ಬದಲಿಗೆ ಮುಂದಿನ ಪದಕ್ಕೆ ಅಂಟಿಸಿ: ‘ಥೆಫ್ಟ್ ಆಫ್’ ಅನ್ನು ‘ಥೆಫ್ ಟಾಫ್’ ಎಂದು, ‘ಅರೆಸ್ಟೆಡ್ ಇನ್’ ಅನ್ನು ‘ಅರೆಸ್ಟೆ ಡಿನ್’ ಎಂದು ಹೇಳಿಸಿ. ಕೊನೆಯ ವ್ಯಂಜನ ಮುಂದಿನ ಅಕ್ಷರದ ಮೊದಲಿಗೆ ಹೋದ ಕೂಡಲೇ ಅವರ ನಾಲಿಗೆಗೆ ಸಲೀಸು. ಅದು ಪಳಗಿದ ಮೇಲೆ ವಿರಾಮದ ಮುಂದೆಯೂ ಹೇಳಿಸಿ.

ಒಂದು ಗಂಟೆಯ ತರಗತಿಗೆ 120ರಿಂದ 150 ಪದಗಳ ಒಂದೇ ಸುದ್ದಿ ಸಾಕು. ತಲೆಬರಹ ಬಿಡಿಸಲು ಹತ್ತು ನಿಮಿಷ, ಐದು ವಾಕ್ಯದ ಪ್ರಕರಣಕ್ಕೆ ಹದಿನೈದು, ಉಚ್ಚಾರಣೆಗೆ ಹತ್ತು, ಸುದ್ದಿಯನ್ನು ನೋಡದೆ ತಿರುಗಿ ಹೇಳಲು ಹದಿನೈದು, ಉಳಿದ ಹತ್ತು ನುಡಿಗಟ್ಟಿಗೆ. ತಿರುಗಿ ಹೇಳುವಾಗ ಮಧ್ಯೆ ಬಾಯಿ ಹಾಕಬೇಡಿ. ‘ಬಿ’ಯಿಂದ ಬಂದ ತಪ್ಪು ಮತ್ತು ಕ್ರಿಯಾಪದದ ಕೊನೆಯಲ್ಲಿ ನುಂಗಿದ ‘ಇ-ಡಿ’ ಎರಡನ್ನು ಮಾತ್ರ ಬರೆದಿಟ್ಟುಕೊಂಡು ಕೊನೆಗೆ ಹೇಳಿ.

ನುಡಿಗಟ್ಟು: ದಿನಕ್ಕೆ ಮೂರು, ಹೆಚ್ಚು ಬೇಡ

ಕೆಲವು ಹಾಗೇ ಹೊಂದುತ್ತವೆ. ‘ಬತ್ ಕ್ವಾ ತಾಂಗ್’ ಅಂದರೆ ‘ಕಾಟ್ ರೆಡ್ ಹ್ಯಾಂಡೆಡ್’. ಹಸು ಕಳೆದ ಮೇಲೆ ಕೊಟ್ಟಿಗೆ ಕಟ್ಟುವ ಗಾದೆ ಅವರದು, ಇಂಗ್ಲಿಷಿನಲ್ಲಿ ಕುದುರೆ ಓಡಿದ ಮೇಲೆ ಲಾಯದ ಬಾಗಿಲು ಹಾಕುತ್ತಾರೆ, ನಮ್ಮಲ್ಲಿ ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು. ಒಂದು ಹುಳ ಇಡೀ ಸಾರಿನ ಪಾತ್ರೆ ಕೆಡಿಸುವ ಅವರ ಮಾತಿಗೆ ‘ಎ ಬ್ಯಾಡ್ ಆ್ಯಪಲ್’. ಜೈಲಿನಲ್ಲಿರುವುದಕ್ಕೆ ಅವರ ಆಡುಮಾತು ‘ಬೋಕ್ ಲಿಕ್’, ಕ್ಯಾಲೆಂಡರಿನ ಹಾಳೆ ಹರಿಯುವುದು. ಇಂಗ್ಲಿಷಿನ ‘ಡೂಯಿಂಗ್ ಟೈಮ್’ ಹೇಳಿಕೊಡಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ.

ಕೆಲವು ಹೊಂದುವಂತೆ ಕಂಡು ಕೈಕೊಡುತ್ತವೆ. ತಾನೇ ದೋಚುತ್ತ ತಾನೇ ಊರವರನ್ನು ಕೂಗಿ ಕರೆಯುವವನ ಮೇಲೆ ಅವರಲ್ಲೊಂದು ಗಾದೆ ಇದೆ. ಅದಕ್ಕೆ ‘ದಿ ಪಾಟ್ ಕಾಲಿಂಗ್ ದಿ ಕೆಟಲ್ ಬ್ಲ್ಯಾಕ್’ ಇಡುವುದುಂಟು. ಆದರೆ ಅಲ್ಲಿ ಇಬ್ಬರಲ್ಲೂ ಒಂದೇ ದೋಷವಿರಬೇಕು. ಇಲ್ಲಿರುವುದು ಒಬ್ಬನೇ ಕಳ್ಳ, ಸಂತ್ರಸ್ತನ ವೇಷದಲ್ಲಿ. ‘ಪ್ಲೇಯಿಂಗ್ ದಿ ವಿಕ್ಟಿಮ್’ ಹೆಚ್ಚು ಹತ್ತಿರ.

ಅಪರಾಧದ ಹೆಸರಿದ್ದೂ ಅಪರಾಧವಲ್ಲದ ನುಡಿಗಟ್ಟುಗಳನ್ನು ಬೇರೆಯಾಗಿಯೇ ಕಲಿಸಬೇಕು. ‘ಡೇಲೈಟ್ ರಾಬರಿ’ ಎಂದರೆ ವಿಪರೀತ ಬೆಲೆ, ‘ಇಟ್ಸ್ ಎ ಸ್ಟೀಲ್’ ಎಂದರೆ ತೀರಾ ಅಗ್ಗ. ಎರಡರಲ್ಲೂ ಕಳ್ಳತನ, ಅರ್ಥ ತದ್ವಿರುದ್ಧ. ‘ಗೆಟ್ ಅವೇ ವಿತ್ ಮರ್ಡರ್’ನಲ್ಲಿ ಕೊಲೆಯಿಲ್ಲ, ಏನು ಮಾಡಿದರೂ ಕೇಳುವವರಿಲ್ಲ ಅಷ್ಟೇ. ‘ದಿ ಜ್ಯೂರಿ ಈಸ್ ಸ್ಟಿಲ್ ಔಟ್’ ಹೇಳುವ ಮೊದಲು ಜ್ಯೂರಿ ಕೋಣೆ ಬಿಟ್ಟು ಹೋಗಿ ಚರ್ಚಿಸುವ ಪದ್ಧತಿಯನ್ನೇ ವಿವರಿಸಬೇಕು.

ಐಇಎಲ್‌ಟಿಎಸ್‌ಗೆ ಓದುವವರಿಗೆ ಒಂದು ಗೆರೆ ಎಳೆದುಕೊಡಿ. ಎರಡನೇ ಟಾಸ್ಕಿನ ಕನಿಷ್ಠ 250 ಪದಗಳ ಪ್ರಬಂಧದಲ್ಲಿ ‘ಥ್ರೋ ದಿ ಬುಕ್ ಅಟ್’, ‘ಎ ಸ್ಲ್ಯಾಪ್ ಆನ್ ದಿ ರಿಸ್ಟ್’ ಬೇಡ. ‘ಹಾರ್ಶ್ ಸೆಂಟೆನ್ಸ್’, ‘ಲೀನಿಯೆಂಟ್ ಸೆಂಟೆನ್ಸ್’ ಬರೆಯಲಿ. ಸ್ಪೀಕಿಂಗ್‌ನಲ್ಲಿ ಸಹಜವಾಗಿ ಬಂದರೆ ಅವೇ ನುಡಿಗಟ್ಟು ಸಲ್ಲುತ್ತವೆ. ‘ಬಿಹೈಂಡ್ ಬಾರ್ಸ್’, ‘ಆನ್ ದಿ ರನ್’, ‘ಅಟ್ ಲಾರ್ಜ್’ ಸುದ್ದಿಯ ದಿನನಿತ್ಯದ ಮಾತು, ಅವನ್ನು ಧಾರಾಳವಾಗಿ ಕಲಿಸಬಹುದು. ‘ಅಟ್ ಲಾರ್ಜ್’ನಲ್ಲಿ ದೊಡ್ಡದು ಏನೂ ಇಲ್ಲ, ಶಂಕಿತ ಇನ್ನೂ ಸಿಕ್ಕಿಲ್ಲ ಎಂದಷ್ಟೇ ಎಂಬುದನ್ನು ಮೊದಲೇ ಹೇಳಿಬಿಡಿ.