ಗೋಥೆನ್‌ಬರ್ಗ್‌ಗೆ ಬಂದ ಮೇಲೆ: ಮೊದಲು ಯಾವ ಕೆಲಸ, ಆಮೇಲೆ ಯಾವುದು

ಬೆಂಗಳೂರಿನಲ್ಲಿ ವಾಹನಗಳ ಸಾಫ್ಟ್‌ವೇರ್ ಕೆಲಸ ಮಾಡುವವರಿಗೆ ಗೋಥೆನ್‌ಬರ್ಗ್ ಹೊಸ ಹೆಸರಲ್ಲ. ನಮ್ಮ ಹೊಸಕೋಟೆ ಕಾರ್ಖಾನೆಯಲ್ಲಿ ಬಸ್ ಕಟ್ಟಿದ ವೋಲ್ವೊ 1927ರಲ್ಲಿ ತನ್ನ ಮೊದಲ ಕಾರನ್ನು ಹೊರತಂದದ್ದು ಸ್ವೀಡನ್ನಿನ ಇದೇ ಊರಲ್ಲಿ. ನಾನೂ ಅಂಥದೇ ಕೆಲಸ ಹಿಡಿದು ಗಂಡ, ಮಗಳ ಜೊತೆ ಇಲ್ಲಿಗೆ ಬಂದೆ. ಈಗ ಊರಿನಿಂದ ಯಾರಾದರೂ ಫೋನ್ ಮಾಡಿ, "ಅಕ್ಕಾ, ಆಫರ್ ಬಂದಿದೆ, ಏನೇನು ತರಬೇಕು?" ಎಂದು ಕೇಳಿದರೆ ನಾನು ಕುಕ್ಕರ್, ಸ್ವೆಟರ್ ಬಗ್ಗೆ ಆಮೇಲೆ ಹೇಳುತ್ತೇನೆ. ಮೊದಲು ಹೇಳುವುದು ಕಾಗದಪತ್ರದ ಬಗ್ಗೆ. ಇಲ್ಲಿ ಒಂದು ಕೆಲಸ ಮುಗಿಯದೆ ಮುಂದಿನದು ಶುರುವಾಗುವುದಿಲ್ಲ. ಯಾವುದರ ಹಿಂದೆ ಯಾವುದು ಎಂದು ಗೊತ್ತಿದ್ದರೆ ಅರ್ಧ ಆತಂಕ ಕಡಿಮೆ.

ಎಲ್ಲಕ್ಕೂ ಮೂಲ ಪರ್ಸನಲ್ ನಂಬರ್. ಹುಟ್ಟಿದ ತಾರೀಕಿನ ಜೊತೆ ನಾಲ್ಕು ಅಂಕಿ ಸೇರಿಸಿ ಕೊಡುವ ಸಂಖ್ಯೆ ಇದು. ಕೊಡುವುದು ಸ್ಕಾಟೆವೆರ್ಕೆಟ್, ಅಂದರೆ ತೆರಿಗೆ ಇಲಾಖೆ. ಕನಿಷ್ಠ ಒಂದು ವರ್ಷ ಇಲ್ಲಿ ಇರುವವರಿಗೆ ಮಾತ್ರ ಸಿಗುತ್ತದೆ. ಪಾಸ್‌ಪೋರ್ಟ್, ವಾಸದ ಪರವಾನಗಿ ಕಾರ್ಡ್, ಕೆಲಸದ ಕರಾರು ಹಿಡಿದು ಮನೆಯವರೆಲ್ಲ ಖುದ್ದಾಗಿ ಹೋಗಬೇಕು. ನಾವು ಮದುವೆ ಪ್ರಮಾಣಪತ್ರ, ಮಗಳ ಜನನ ಪ್ರಮಾಣಪತ್ರದ ಮೂಲಪ್ರತಿಗಳಿಗೆ ಊರಲ್ಲೇ ಅಪೊಸ್ಟಿಲ್ ಮುದ್ರೆ, ಅಂದರೆ ಹೊರದೇಶದಲ್ಲಿ ದಾಖಲೆ ಒಪ್ಪುವಂತೆ ಸರ್ಕಾರ ಹಾಕುವ ದೃಢೀಕರಣ ಮುದ್ರೆ, ಹಾಕಿಸಿ ತಂದಿದ್ದೆವು. ದಯವಿಟ್ಟು ನೀವೂ ಹಾಗೇ ಮಾಡಿ. ಇಲ್ಲಿಂದ ಕೂತು ಅದನ್ನು ಮಾಡಿಸುವುದು ಬಹಳ ಕಷ್ಟ, ಊರಲ್ಲಿರುವ ಅಪ್ಪ ಅಮ್ಮನನ್ನು ಕಚೇರಿಯಿಂದ ಕಚೇರಿಗೆ ಅಲೆಸಬೇಕಾಗುತ್ತದೆ.

ನಂಬರ್ ಬರುವುದು ಅಂಚೆಯಲ್ಲಿ, ಕೆಲವು ವಾರಗಳಾದ ಮೇಲೆ. ಇಲ್ಲಿ ಒಂದು ಸಣ್ಣ ವಿಷಯ ಇದೆ, ಆದರೆ ಬಹಳ ಮುಖ್ಯ. ಬಾಗಿಲ ಮೇಲೆ ಅಥವಾ ಅಂಚೆ ಪೆಟ್ಟಿಗೆಯ ಮೇಲೆ ನಿಮ್ಮ ಹೆಸರು ಇಲ್ಲದಿದ್ದರೆ ಪತ್ರ ಒಳಗೆ ಬೀಳದೆ ವಾಪಸ್ ಹೋಗಬಹುದು. ಬಾಡಿಗೆ ಮನೆಗೆ ಕಾಲಿಟ್ಟ ದಿನವೇ ಒಂದು ಚೀಟಿಯಲ್ಲಿ ಹೆಸರು ಬರೆದು ಅಂಟಿಸಿಬಿಡಿ.

ಆಮೇಲೆ ಗುರುತಿನ ಚೀಟಿ. ನಾವು ಮಾಡಿಸಿದಾಗ ಶುಲ್ಕ 400 ಕ್ರೋನಾ ಇತ್ತು. ಅದನ್ನು ತೋರಿಸಿ ಬ್ಯಾಂಕ್ ಖಾತೆ, ಖಾತೆಯಿಂದ ಬ್ಯಾಂಕ್‌ಐಡಿ, ಬ್ಯಾಂಕ್‌ಐಡಿಯಿಂದ ಸ್ವಿಶ್. ನಮ್ಮಲ್ಲಿ ಯುಪಿಐ ಇದ್ದ ಹಾಗೆ ಇಲ್ಲಿ ಸ್ವಿಶ್. ಬ್ಯಾಂಕ್‌ಐಡಿ ಎಂದರೆ ಫೋನಿನಲ್ಲಿರುವ ನಿಮ್ಮ ಸಹಿ. ಡಾಕ್ಟರ ಅಪಾಯಿಂಟ್‌ಮೆಂಟ್, ತೆರಿಗೆ ಲೆಕ್ಕ, ಮಗುವಿನ ಶಾಲೆಯ ಅರ್ಜಿ, ಎಲ್ಲಕ್ಕೂ ಅದೇ ಬೇಕು. ಅದು ಕೈಗೆ ಬರುವ ತನಕ ಖರ್ಚಿಗೆ ಊರಿನ ಫಾರೆಕ್ಸ್ ಕಾರ್ಡ್‌ನಲ್ಲಿ ಸ್ವಲ್ಪ ಜಾಸ್ತಿಯೇ ಹಣ ಇಟ್ಟುಕೊಳ್ಳಿ.

ಮನೆ ವಿಷಯಕ್ಕೆ ತಾಳ್ಮೆ ಬೇಕು. ಇಲ್ಲಿ ನೇರ ಬಾಡಿಗೆ ಮನೆಗಳು ಹೆಚ್ಚಾಗಿ ಬೂಪ್ಲಾಟ್ಸ್ ಎಂಬ ಕಾಯುವ ಸಾಲಿನ ಮೂಲಕ ಸಿಗುತ್ತವೆ. ಯಾರು ಮೊದಲು ಹೆಸರು ನೋಂದಾಯಿಸಿದ್ದಾರೋ ಅವರು ಮುಂದೆ. ಒಳ್ಳೆಯ ಜಾಗದ ಮನೆಗೆ ವರ್ಷಗಟ್ಟಲೆ ಕಾಯಬೇಕು. ಈಗ ಮನೆ ಬೇಡ ಅನ್ನಿಸಿದರೂ ಹೆಸರು ಹಚ್ಚಿಡಿ, ನಿಮ್ಮ ದಿನಗಳು ಅಲ್ಲಿ ಸೇರುತ್ತಾ ಹೋಗುತ್ತವೆ. ಅಲ್ಲಿಯ ತನಕ ಎರಡನೇ ಕೈ ಬಾಡಿಗೆ, ಅಂದರೆ ಬಾಡಿಗೆದಾರರಿಂದಲೋ ಫ್ಲ್ಯಾಟ್ ಮಾಲೀಕರಿಂದಲೋ ನಾವು ಪಡೆಯುವ ಬಾಡಿಗೆ. ಇದಕ್ಕೆ ಕಟ್ಟಡದ ಮಾಲೀಕರ ಅಥವಾ ವಸತಿ ಸಂಘದ ಒಪ್ಪಿಗೆ ಇದೆಯೇ ಎಂದು ಬರವಣಿಗೆಯಲ್ಲಿ ಕೇಳಿ. "ನಮ್ಮ ವಿಳಾಸದಲ್ಲಿ ಹೆಸರು ನೋಂದಾಯಿಸಬೇಡಿ" ಎನ್ನುವವರ ಮನೆ ಬೇಡವೇ ಬೇಡ. ಆ ನೋಂದಣಿ ಇಲ್ಲದಿದ್ದರೆ ಪರ್ಸನಲ್ ನಂಬರೇ ಕಷ್ಟ. ಇನ್ನು, ಮನೆ ನೋಡದೆ ಮುಂಗಡ ಕಳಿಸಬೇಡಿ. ಫೋಟೋ ತೋರಿಸಿ ಹಣ ಹೊಡೆಯುವವರು ಇಲ್ಲೂ ಇದ್ದಾರೆ.

ಡ್ರೈವಿಂಗ್ ಗೊತ್ತಿದೆ ಎಂದು ಸುಮ್ನೆ ಕೂರಬೇಡಿ. ಇಲ್ಲಿಯ ನಿವಾಸಿ ಎಂದು ನೋಂದಣಿ ಆಗಿ ಒಂದು ವರ್ಷದ ತನಕ ಮಾತ್ರ ಭಾರತದ ಲೈಸೆನ್ಸ್ ನಡೆಯುತ್ತದೆ. ಅದನ್ನು ಕೊಟ್ಟು ಇಲ್ಲಿಯದನ್ನು ಪಡೆಯಲು ಆಗುವುದಿಲ್ಲ. ಕಣ್ಣಿನ ಪರೀಕ್ಷೆ, ಕಲಿಯುವ ಪರವಾನಗಿ, ರಸ್ತೆಯ ಅಪಾಯಗಳ ಬಗ್ಗೆ ಎರಡು ತರಬೇತಿ, ಥಿಯರಿ, ರಸ್ತೆ ಪರೀಕ್ಷೆ, ಎಲ್ಲವೂ ಹೊಸದಾಗಿ. ಥಿಯರಿಯನ್ನು ಇಂಗ್ಲಿಷ್‌ನಲ್ಲಿ ಬರೆಯಬಹುದು. ಎರಡನೇ ತರಬೇತಿಯಲ್ಲಿ ಜಾರುವ ನೆಲದ ಮೇಲೆ ಬ್ರೇಕ್ ಹಾಕಿಸುತ್ತಾರೆ. ಹಿಮವನ್ನೇ ನೋಡದ ನನಗೆ ಆ ಒಂದು ಪಾಠ ಬಹಳ ಬೆಲೆಬಾಳುವಂಥದ್ದು. ಅವಸರ ಇಲ್ಲದಿದ್ದರೆ ಟ್ರಾಮ್ ಸಾಕು. ಲಿಂಡ್‌ಹೋಲ್ಮೆನ್ ಕಡೆ ಕೆಲಸವಿದ್ದರೆ ಸ್ಟೇನ್‌ಪೀರೆನ್‌ನಿಂದ ನದಿ ದಾಟಿಸುವ ದೋಣಿಗೆ ಟಿಕೆಟ್ಟೂ ಬೇಡ.

ಆಫೀಸಿನಲ್ಲಿ ನನಗೆ ಹೊಂದಿಕೊಳ್ಳಲು ಹೊತ್ತು ಹಿಡಿದದ್ದು ಮಾತಾಡುವ ರೀತಿಗೆ. ಇಲ್ಲಿ ಸರ್, ಮೇಡಂ ಇಲ್ಲ. ಮ್ಯಾನೇಜರನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ಅವರು "ನಿನಗೇನನ್ನಿಸುತ್ತೆ?" ಎಂದು ಕೇಳಿದರೆ ನಿಜವಾಗಿ ಅಭಿಪ್ರಾಯ ಬೇಕಾಗಿಯೇ ಕೇಳುತ್ತಾರೆ. ಒಪ್ಪಿಗೆ ಇಲ್ಲದಿದ್ದರೆ ಮೀಟಿಂಗಿನಲ್ಲೇ ಹೇಳಿ, ಯಾರೂ ತಪ್ಪು ತಿಳಿಯುವುದಿಲ್ಲ. ಕಾಫಿ ಹೊತ್ತಿಗೆ ಎಲ್ಲರ ಜೊತೆ ಹೋಗಿ ಕೂತುಕೊಳ್ಳಿ, ಕೆಲಸದ ಎಷ್ಟೋ ವಿಷಯ ಗೊತ್ತಾಗುವುದು ಅಲ್ಲೇ. ವರ್ಷಕ್ಕೆ ಕನಿಷ್ಠ 25 ದಿನ ರಜೆ ಕಾನೂನಿನಲ್ಲೇ ಇದೆ. ಜೂನ್‌ನಿಂದ ಆಗಸ್ಟ್‌ವರೆಗೆ ಸತತ ನಾಲ್ಕು ವಾರ ತೆಗೆದುಕೊಳ್ಳುವ ಹಕ್ಕೂ ಇದೆ. ಹಾಗಾಗಿ ಜುಲೈನಲ್ಲಿ ಕಚೇರಿ ಖಾಲಿ, ಮುಖ್ಯ ಕೆಲಸಗಳನ್ನು ಜೂನ್ ಒಳಗೇ ಮುಗಿಸಿ. ಮಗುವಿಗೆ ಜ್ವರ ಬಂದರೆ ಮನೆಯಲ್ಲಿರಬಹುದು, ಸಂಬಳದ ಹೆಚ್ಚಿನ ಭಾಗವನ್ನು ಸಾಮಾಜಿಕ ವಿಮೆ ಕೊಡುತ್ತದೆ.

ಇನ್ನೊಂದು ಮಾತು. ನಾವು ಬಂದಾಗ ಕೆಲಸದ ಪರವಾನಗಿ ಮೊದಲ ಎರಡು ವರ್ಷ ಅದೇ ಕಂಪನಿಗೆ ಕಟ್ಟಿಕೊಂಡಿರುತ್ತಿತ್ತು. ಬೇರೆ ಕಡೆ ಸೇರಲು ಹೊಸ ಅರ್ಜಿ ಬೇಕಿತ್ತು. ಕೆಲಸ ಹೋದರೆ ಹೊಸದನ್ನು ಹುಡುಕಲು ಸಿಗುವ ಕಾಲ ಬಹಳ ಕಮ್ಮಿ. ಆದ್ದರಿಂದ ಯೂನಿಯನ್‌ಗೂ, ನಿರುದ್ಯೋಗ ವಿಮೆಯ ಆ-ಕಾಸ್ಸಾಗೂ ಬಂದ ತಿಂಗಳೇ ಸೇರಿ. ಎರಡೂ ಬೇರೆ ಬೇರೆ, ಒಂದಕ್ಕೆ ಸೇರಿದರೆ ಇನ್ನೊಂದು ತಾನಾಗಿ ಬರುವುದಿಲ್ಲ.

ಚಿಕ್ಕ ಮಕ್ಕಳಿದ್ದರೆ ಫೋರ್‌ಸ್ಕೂಲಾಗೆ, ಅಂದರೆ ಶಾಲೆಗೆ ಮುಂಚಿನ ಶಿಶುವಿಹಾರಕ್ಕೆ, ಬೇಗ ಅರ್ಜಿ ಹಾಕಿ. ಅರ್ಜಿ ಕೊಟ್ಟ ನಾಲ್ಕು ತಿಂಗಳೊಳಗೆ ನಗರಸಭೆ ಜಾಗ ಕೊಡಬೇಕು. ಶುರುವಿನಲ್ಲಿ ಕೆಲವು ದಿನ ಅಪ್ಪ ಅಥವಾ ಅಮ್ಮ ಜೊತೆಗಿದ್ದು ಮಗುವಿಗೆ ರೂಢಿ ಮಾಡಿಸುತ್ತಾರೆ. ಮಳೆಯಾಗಲಿ ಹಿಮವಾಗಲಿ ಹೊರಗೆ ಆಡಿಸುತ್ತಾರೆ, ಹಾಗಾಗಿ ಮಳೆಬಟ್ಟೆ, ಬೂಟು ಒಳ್ಳೆಯದನ್ನೇ ಕೊಳ್ಳಿ. ಡಿಸೆಂಬರಿನಲ್ಲಿ ಒಂಬತ್ತಕ್ಕೆ ಬೆಳಕಾಗಿ ಮೂರೂವರೆಗೆ ಕತ್ತಲಾಗುತ್ತದೆ. ಮಧ್ಯಾಹ್ನ ಊಟದ ಹೊತ್ತಿನಲ್ಲಿ ನಾನೂ ಹೊರಗೆ ನಡೆಯುತ್ತೇನೆ.

ನಮ್ಮವರಲ್ಲಿ ಹಲವರು ಗಮನಿಸದ ಒಂದು ಹಕ್ಕು ಇದೆ. ಮನೆಯಲ್ಲಿ ದಿನವೂ ಕನ್ನಡ ಮಾತಾಡುವ, ಸ್ವಲ್ಪ ಕನ್ನಡ ಬಲ್ಲ ಮಗು ಶಾಲೆಯಲ್ಲಿ ಮಾತೃಭಾಷೆ ಪಾಠ ಬೇಕೆಂದು ಕೇಳಬಹುದು. ಊರಿನಲ್ಲಿ ಕನಿಷ್ಠ ಐದು ಮಕ್ಕಳು ಕೇಳಿದ್ದು, ತಕ್ಕ ಶಿಕ್ಷಕರು ಸಿಕ್ಕರೆ ನಗರಸಭೆ ಪಾಠ ಏರ್ಪಡಿಸಬೇಕು. ಅಂಕವೂ ಸಿಗುತ್ತದೆ. "ಯಾರೂ ಕೇಳಲ್ಲ ಬಿಡಿ" ಎಂದು ಪ್ರತಿಯೊಬ್ಬರೂ ಬಿಟ್ಟರೆ ಐದು ಆಗುವುದು ಹೇಗೆ, ಅಲ್ವಾ? ನಮ್ಮ ಮಗಳು ಮುಂದಿನ ವರ್ಷ ಒಂದನೇ ತರಗತಿಗೆ ಹೋಗುತ್ತಾಳೆ, ನಾವು ಅರ್ಜಿ ಕೊಡುತ್ತಿದ್ದೇವೆ. ನೀವೂ ಈ ಊರಿನಲ್ಲಿದ್ದು ಮಗು ಶಾಲೆಗೆ ಹೋಗುತ್ತಿದ್ದರೆ, ಅರ್ಜಿ ಎಲ್ಲಿ ಕೊಡಬೇಕೆಂದು ಈ ವಾರವೇ ಶಾಲೆಯಲ್ಲಿ ಕೇಳಿ.